ಮಂಡಿ ಬದಲಾವಣೆಗೆ ಕಂಪ್ಯೂಟರ್ ಮಾರ್ಗದರ್ಶನ: ಉಪಯುಕ್ತತೆ ಮತ್ತು ವೆಚ್ಚದ ಒಂದು ಅಧ್ಯಯನ

ಚಿತ್ರದುರ್ಗ ಜಿಲ್ಲೆಯ ವರ್ತಕರ ಬಾಯಲ್ಲಿ ಮಂಡಿ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು, ಅಡಿಕೆ, ಕೊಬ್ಬರಿ, ಶೇಂಗಾ ವ್ಯಾಪಾರ ನಡೆಯುವ ಸ್ಥಳ. ಇನ್ನೊಂದು, ಆ ಸ್ಥಳದಲ್ಲಿ ಮೂವತ್ತು ನಲವತ್ತು ವರ್ಷ ಗಾದಿಯ ಮೇಲೆ ಕಾಲು ಮಡಿಚಿ ಕುಳಿತವರಿಗೆ ಅರವತ್ತರ ಸುಮಾರಿಗೆ ತೊಂದರೆ ಕೊಡಲಾರಂಭಿಸುವ ಕೀಲು. ಭೀಮಸಮುದ್ರದ ಅಡಿಕೆ ವ್ಯಾಪಾರಿಯಾಗಲಿ, ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ ಹೋಬಳಿಯ ತೋಟದ ಮನೆಯಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಅಡಿಕೆ ಸುಲಿದ ಗೃಹಿಣಿಯಾಗಲಿ, ಹೊಸದುರ್ಗದ ತೆಂಗಿನ ಬೆಳೆಗಾರರಾಗಲಿ, ಮೆಟ್ಟಿಲು ಹತ್ತಲು ಗೋಡೆ ಹಿಡಿಯುವ ದಿನ ಬಂದಾಗ ವೈದ್ಯರ ಬಾಯಿಂದ ಕೇಳುವ ಮಾತು ಒಂದೇ: ಕೀಲು ಬದಲಾಯಿಸಬೇಕು. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಸಾಮಾನ್ಯ ವಿಧಾನವೋ, ಕಂಪ್ಯೂಟರ್ ವಿಧಾನವೋ?

ಈ ಎರಡನೆಯ ಪ್ರಶ್ನೆಗೆ ಉತ್ತರಿಸಲು ಕುಟುಂಬಕ್ಕೆ ದೊರೆಯುವ ಸಮಯ ಬಹುತೇಕ ಹತ್ತು ನಿಮಿಷ. ವ್ಯತ್ಯಾಸದ ಮೊತ್ತ ಮಾತ್ರ ಹಲವು ಸಾವಿರಗಳಿಂದ ಲಕ್ಷದವರೆಗೆ ಹೋಗಬಹುದು. ಆ ಹಣ ಎಷ್ಟೋ ಬಾರಿ ಮುಂದಿನ ಫಸಲಿನ ಮೇಲೆ ಮಂಡಿಯಿಂದ ಪಡೆದ ಮುಂಗಡವಾಗಿರುತ್ತದೆ. ಮತ್ತೊಂದು ಕಡೆ, ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳ ಟ್ರಸ್ಟ್ ಆಸ್ಪತ್ರೆಗಳ ಆಡಳಿತ ಮಂಡಳಿಗಳಲ್ಲಿ ವರ್ತಕರೇ ಸದಸ್ಯರಾಗಿರುವುದುಂಟು. ಅವರ ಮುಂದೆ ಬರುವ ಪ್ರಶ್ನೆ, ಇಂತಹ ಯಂತ್ರವನ್ನು ಕೊಳ್ಳಬೇಕೇ ಎಂಬುದು. ರೋಗಿಯ ಕಡೆಯಿಂದಲೂ ಆಸ್ಪತ್ರೆಯ ಕಡೆಯಿಂದಲೂ ಈ ವಿಷಯವನ್ನು ಲೆಕ್ಕದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆರಂಭದಲ್ಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಮಂಡಿ ನೋವೆಲ್ಲವೂ ಶಸ್ತ್ರಚಿಕಿತ್ಸೆಯ ನೋವಲ್ಲ. ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿದೆ. ಇಂತಹ ನೀರನ್ನು ಬಹುಕಾಲ ಕುಡಿದವರಿಗೆ ಬೆನ್ನು ಮತ್ತು ಕೀಲುಗಳು ಬಿಗಿಯುವ ಬೇರೆಯೇ ತೊಂದರೆ ಬರುತ್ತದೆ. ತೂಕ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ಔಷಧ, ನೆಲದ ಮೇಲೆ ಕೂರುವುದನ್ನು ಬಿಡುವುದು ಇವುಗಳಿಂದಲೇ ಅನೇಕರು ವರ್ಷಗಟ್ಟಲೆ ನಿಭಾಯಿಸುತ್ತಾರೆ. ಮೂಳೆಗಳ ತುದಿಯ ಮೃದ್ವಸ್ಥಿ ಪೂರ್ಣ ಸವೆದು, ಮೂಳೆಗೆ ಮೂಳೆ ಉಜ್ಜುವ ಹಂತ ತಲುಪಿ, ರಾತ್ರಿಯ ನಿದ್ರೆಗೂ ನೋವು ಅಡ್ಡಿಯಾದಾಗ ಮಾತ್ರ ಕೀಲು ಬದಲಾವಣೆಯ ಮಾತು ಬರಬೇಕು.

ಚಿಕಿತ್ಸೆಯ ಸ್ವರೂಪ

ಮಂಡಿ ಬದಲಾವಣೆ ಎಂದರೆ ಇಡೀ ಮಂಡಿಯನ್ನು ತೆಗೆದು ಹೊಸದನ್ನು ಕೂಡಿಸುವುದೆಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ತೊಡೆಯ ಮೂಳೆಯ ಕೆಳತುದಿಯನ್ನೂ ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿಯನ್ನೂ ಕೆಲವೇ ಮಿಲಿಮೀಟರ್‌ಗಳಷ್ಟು ಕತ್ತರಿಸಿ, ಅವುಗಳಿಗೆ ಲೋಹದ ಹೊದಿಕೆ ತೊಡಿಸಿ, ನಡುವೆ ಪಾಲಿಥೀನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಇಡಲಾಗುತ್ತದೆ. ಸವೆದ ಚಕ್ರಕ್ಕೆ ಹೊಸ ಪಟ್ಟಿ ಬಡಿದಂತೆ ಎನ್ನಬಹುದು. ಇಂದಿನ ಕೃತಕ ಕೀಲುಗಳ ಮೂಲ ಮಾದರಿ 1970ರ ದಶಕದಲ್ಲಿ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯಲ್ಲಿ ರೂಪುಗೊಂಡಿತು. ಆ ತಂಡದಲ್ಲಿ ಭಾರತೀಯ ಮೂಲದ ಡಾ. ಚಿತ್ತರಂಜನ್ ರಾಣಾವತ್ ಅವರೂ ಇದ್ದರು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಎಡ ಮಂಡಿಗೆ 2000ದ ಅಕ್ಟೋಬರಿನಲ್ಲಿ, ಬಲ ಮಂಡಿಗೆ 2001ರ ಜೂನ್‌ನಲ್ಲಿ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಅವರೇ. ಈ ಚಿಕಿತ್ಸೆಯ ಹೆಸರು ಹಳ್ಳಿಯ ಕಟ್ಟೆಗಳವರೆಗೂ ತಲುಪಿದ್ದು ಆಗಲೇ.

ಹೊಸ ಕೀಲು ಎಷ್ಟು ಕಾಲ ಬಾಳುತ್ತದೆ? 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಂಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು ಶೇ 82ರಷ್ಟು 25 ವರ್ಷ ಬಾಳಿಕೆ ಬಂದಿವೆ. ಇದು ಬಹುಪಾಲು ಕಂಪ್ಯೂಟರ್ ಸಹಾಯವಿಲ್ಲದೆ ನಡೆದ ಶಸ್ತ್ರಚಿಕಿತ್ಸೆಗಳ ಫಲಿತಾಂಶ ಎಂಬುದನ್ನು ಗಮನದಲ್ಲಿಡಬೇಕು. ಹಳೆಯ ವಿಧಾನ ವಿಫಲವಾಗಿದ್ದರಿಂದ ಹೊಸದು ಬಂತೆಂಬ ಪ್ರಚಾರಕ್ಕೆ ಇಲ್ಲೇ ಉತ್ತರವಿದೆ.

ಅಳತೆಯ ಸಮಸ್ಯೆ

ಹಾಗಾದರೆ ಕಂಪ್ಯೂಟರಿನ ಅಗತ್ಯ ಎಲ್ಲಿ ಹುಟ್ಟಿತು? ಸೊಂಟದ ಕೀಲಿನ ಮಧ್ಯಬಿಂದುವಿನಿಂದ ಪಾದದ ಹರಡಿನ ಮಧ್ಯಬಿಂದುವಿಗೆ ಒಂದು ದಾರ ಎಳೆದರೆ ಅದು ಮಂಡಿಯ ನಡುವೆ ಹಾದುಹೋಗಬೇಕು. ಆಗ ದೇಹದ ಭಾರ ಕೀಲಿನ ಎರಡೂ ಬದಿಗೆ ಸಮನಾಗಿ ಹಂಚಿಕೆಯಾಗುತ್ತದೆ. ದಾರ ಒಂದು ಬದಿಗೆ ಸರಿದರೆ ಆ ಬದಿಯ ಪ್ಲಾಸ್ಟಿಕ್ ಬೇಗ ಸವೆಯಬಹುದು, ಲೋಹ ಸಡಿಲಗೊಳ್ಳಬಹುದು. ನೇರ ರೇಖೆಯಿಂದ ಎರಡೂ ಕಡೆಗೆ 3 ಡಿಗ್ರಿಯೊಳಗಿನ ವ್ಯತ್ಯಾಸವನ್ನು ವೈದ್ಯಲೋಕ ಬಹುಕಾಲದಿಂದ ಒಪ್ಪತಕ್ಕ ಮಿತಿ ಎಂದು ಪರಿಗಣಿಸಿದೆ. ಮೂರು ಡಿಗ್ರಿ ಕೇಳಲು ಅಲ್ಪ. ಆದರೆ 40 ಸೆಂಟಿಮೀಟರ್ ಉದ್ದದ ಮೂಳೆಯ ಒಂದು ತುದಿಯಲ್ಲಿ 3 ಡಿಗ್ರಿ ತಪ್ಪಿದರೆ ಇನ್ನೊಂದು ತುದಿಯಲ್ಲಿ ಸುಮಾರು 2 ಸೆಂಟಿಮೀಟರ್ ಸರಿದಿರುತ್ತದೆ. ಮನೆ ಕಟ್ಟಿಸಿದವರಿಗೆಲ್ಲ ಈ ಗಣಿತ ತಿಳಿದದ್ದೇ.

ಇಲ್ಲಿರುವ ತೊಡಕೆಂದರೆ, ಶಸ್ತ್ರಚಿಕಿತ್ಸಕರಿಗೆ ಸೊಂಟದ ಕೀಲು ಕಾಣುವುದಿಲ್ಲ. ಅದು ಮಾಂಸ ಮತ್ತು ಹೊದಿಕೆಗಳ ಅಡಿಯಲ್ಲಿರುತ್ತದೆ. ಸಾಂಪ್ರದಾಯಿಕ ವಿಧಾನದಲ್ಲಿ ತೊಡೆಯ ಮೂಳೆಯ ಒಳಗಿನ ಟೊಳ್ಳಿನಲ್ಲಿ ಉದ್ದನೆಯ ಲೋಹದ ಸರಳನ್ನು ತೂರಿಸಿ, ಆ ಸರಳಿಗೂ ನಿಜವಾದ ಭಾರದ ರೇಖೆಗೂ ಸಾಮಾನ್ಯವಾಗಿ ಇರುವ 5ರಿಂದ 7 ಡಿಗ್ರಿಗಳ ಅಂತರವನ್ನು ಕಳೆದು, ಮೂಳೆ ಕತ್ತರಿಸುವ ಚೌಕಟ್ಟನ್ನು ಕೂಡಿಸುತ್ತಾರೆ. ಮೂಳೆ ನೆಟ್ಟಗಿದ್ದರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಭಾರತೀಯ ರೋಗಿಗಳಲ್ಲಿ ಅನೇಕರು ತೀರಾ ತಡವಾಗಿ, ಕಾಲು ಬಿಲ್ಲಿನಂತೆ ಹೊರಬಾಗಿದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ತೊಡೆಯ ಮೂಳೆಯೇ ಬಾಗಿರುವುದೂ ಉಂಟು. ಬಾಗಿದ ಕೊಳವೆಯಲ್ಲಿ ನೆಟ್ಟನೆಯ ಸರಳು ಹಾಕಿ ಅಳತೆ ತೆಗೆದರೆ ಅಳತೆ ತಪ್ಪುತ್ತದೆ. ಹಳೆಯ ಮುರಿತಕ್ಕೆ ಮೂಳೆಯೊಳಗೆ ಮೊದಲೇ ಪಟ್ಟಿ, ಮೊಳೆ ಹಾಕಿದ್ದರಂತೂ ಸರಳು ಒಳಗೆ ಹೋಗುವುದೇ ಇಲ್ಲ. ಮುಂಬಯಿಯ ಡಾ. ಅರುಣ್ ಮುಲ್ಲಾಜಿ ಅವರಂತಹ ಭಾರತೀಯ ತಜ್ಞರು ಕಂಪ್ಯೂಟರ್ ಮಾರ್ಗದರ್ಶನದ ಬಗ್ಗೆ ವಿಶೇಷ ಅಧ್ಯಯನ ನಡೆಸಿದ್ದರ ಹಿನ್ನೆಲೆಯಲ್ಲಿ ಇಂತಹ ವಕ್ರ ಕಾಲುಗಳ ಸಮಸ್ಯೆಯಿದೆ.

ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ 1997ರ ಜನವರಿಯಲ್ಲಿ ಮೊದಲ ಬಾರಿಗೆ ಕಂಪ್ಯೂಟರ್ ಮಾರ್ಗದರ್ಶನದಲ್ಲಿ ಮಂಡಿ ಬದಲಾವಣೆ ನಡೆಯಿತು. ಅದರ ವಿಧಾನ ಹೀಗಿದೆ. ತೊಡೆಯ ಮೂಳೆಗೂ ಕೆಳಗಿನ ಮೂಳೆಗೂ ಸಣ್ಣ ಪಿನ್ನುಗಳ ಮೂಲಕ ಒಂದೊಂದು ಗುರುತುಗಂಬವನ್ನು ನೆಡಲಾಗುತ್ತದೆ. ಅದರ ತುದಿಯಲ್ಲಿ ಬೆಳಕನ್ನು ಪ್ರತಿಫಲಿಸುವ ಚಿಕ್ಕ ಗುಂಡುಗಳಿರುತ್ತವೆ. ಕೊಠಡಿಯ ಬದಿಯಲ್ಲಿ ನಿಂತ ಅವಕೆಂಪು ಕ್ಯಾಮೆರಾ ಈ ಗುಂಡುಗಳ ಚಲನೆಯನ್ನು ಕ್ಷಣಕ್ಷಣವೂ ಗಮನಿಸುತ್ತದೆ. ಶಸ್ತ್ರಚಿಕಿತ್ಸಕರು ರೋಗಿಯ ಕಾಲನ್ನು ಹಿಡಿದು ನಿಧಾನವಾಗಿ ವೃತ್ತಾಕಾರದಲ್ಲಿ ತಿರುಗಿಸುತ್ತಾರೆ. ಕಾಲು ಯಾವ ಬಿಂದುವಿನ ಸುತ್ತ ತಿರುಗುತ್ತಿದೆ ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ; ಅದೇ ಕಾಣದ ಸೊಂಟದ ಕೀಲಿನ ಕೇಂದ್ರ. ನಂತರ ಮಂಡಿಯ ನಿರ್ದಿಷ್ಟ ಸ್ಥಳಗಳನ್ನೂ ಹರಡಿನ ಎರಡು ಬದಿಯ ಉಬ್ಬುಗಳನ್ನೂ ಗುರುತು ಕಡ್ಡಿಯಿಂದ ಮುಟ್ಟಿ ತೋರಿಸಲಾಗುತ್ತದೆ. ಇಷ್ಟಾದ ಮೇಲೆ ಪರದೆಯ ಮೇಲೆ ಕಾಲಿನ ನೇರ ರೇಖೆ ಡಿಗ್ರಿಗಳ ಅಂಕಿಯಲ್ಲಿ ಮೂಡುತ್ತದೆ. ಮೂಳೆ ಕತ್ತರಿಸುವ ಮೊದಲು ಚೌಕಟ್ಟು ಎಷ್ಟು ಓರೆಯಾಗಿದೆ, ಕತ್ತರಿಸಿದ ನಂತರ ಎಷ್ಟು ಬಂತು, ಕಾಲು ಚಾಚಿದಾಗ ಮತ್ತು ಮಡಿಸಿದಾಗ ಎರಡು ಮೂಳೆಗಳ ನಡುವಿನ ಅಂತರ ಸಮವಾಗಿದೆಯೇ ಎಂಬುದೆಲ್ಲ ಆಗಲೇ ತಿಳಿಯುತ್ತದೆ. ಈ ವಿಧಾನಕ್ಕೆ ಮುಂಚಿತವಾಗಿ ಸಿ.ಟಿ. ಸ್ಕ್ಯಾನ್ ಅಗತ್ಯವಿಲ್ಲ. ಮೂಳೆಯೊಳಗೆ ಉದ್ದನೆಯ ಸರಳನ್ನು ತೂರಿಸುವುದೂ ತಪ್ಪುತ್ತದೆ.

ಇಲ್ಲಿ ಕತ್ತರಿಸುವವರು ವೈದ್ಯರೇ, ಯಂತ್ರವಲ್ಲ. ನ್ಯಾವಿಗೇಷನ್ ಎಂಬುದು ರಸಮಟ್ಟವಿದ್ದಂತೆ. ಗೋಡೆ ಕಟ್ಟುವವನ ಕೈಯನ್ನು ಅದು ಹಿಡಿಯುವುದಿಲ್ಲ. ಇತ್ತೀಚೆಗೆ ಜಾಹೀರಾತುಗಳಲ್ಲಿ ಕಾಣುವ ರೋಬೋಟ್ ವಿಧಾನ ಇದರ ಮುಂದಿನ ಹಂತ. ಅದರಲ್ಲಿ ಅಳತೆಯ ಜೊತೆಗೆ ಯಂತ್ರದ ತೋಳು ಗರಗಸವನ್ನು ನಿಗದಿತ ಗಡಿ ದಾಟದಂತೆ ತಡೆಯುತ್ತದೆ, ಇಲ್ಲವೇ ಚೌಕಟ್ಟನ್ನು ಸರಿಯಾದ ಸ್ಥಾನದಲ್ಲಿ ಹಿಡಿಯುತ್ತದೆ. ಅಮೆರಿಕದ ಸ್ಟ್ರೈಕರ್ ಕಂಪನಿ 2013ರಲ್ಲಿ ಮೇಕೋ ಸರ್ಜಿಕಲ್ ಸಂಸ್ಥೆಯನ್ನು ಸುಮಾರು 165 ಕೋಟಿ ಡಾಲರಿಗೆ ಕೊಂಡ ಮೇಲೆ ಉಳಿದ ದೊಡ್ಡ ಕಂಪನಿಗಳೂ ಈ ಕ್ಷೇತ್ರಕ್ಕಿಳಿದವು. ಗುಜರಾತಿನ ವಾಪಿಯ ಮೆರಿಲ್ ಸಂಸ್ಥೆ 2024ರಲ್ಲಿ ಮಿಸ್ಸೋ ಎಂಬ ಸ್ವದೇಶಿ ಯಂತ್ರವನ್ನು ಬಿಡುಗಡೆ ಮಾಡಿತು. ರೋಬೋಟ್ ಎಂಬ ಶಬ್ದ ಕೇಳಿ ವೈದ್ಯರಿಲ್ಲದೆ ಯಂತ್ರವೇ ಎಲ್ಲ ಮಾಡುತ್ತದೆಂದು ತಿಳಿಯುವುದು ಎಷ್ಟು ತಪ್ಪೋ, ನ್ಯಾವಿಗೇಷನ್ನನ್ನೇ ರೋಬೋಟ್ ಎಂದು ಕರೆದು ಮಾರುವುದೂ ಅಷ್ಟೇ ತಪ್ಪು.

ಫಲಿತಾಂಶಗಳು ಏನು ಹೇಳುತ್ತವೆ

ಅಳತೆ ಸುಧಾರಿಸುತ್ತದೆ ಎಂಬುದರಲ್ಲಿ ಹೆಚ್ಚಿನ ವಿವಾದವಿಲ್ಲ. 2007ರಲ್ಲಿ 29 ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸಾಂಪ್ರದಾಯಿಕ ವಿಧಾನದಲ್ಲಿ ಶೇ 31.8ರಷ್ಟು ಮಂಡಿಗಳು 3 ಡಿಗ್ರಿ ಮಿತಿಯನ್ನು ದಾಟಿದ್ದರೆ, ಕಂಪ್ಯೂಟರ್ ವಿಧಾನದಲ್ಲಿ ಶೇ 9ರಷ್ಟು ಮಾತ್ರ ದಾಟಿದ್ದವು.

ಆದರೆ ರೋಗಿ ಹಣ ಕೊಡುವುದು ಡಿಗ್ರಿಗಾಗಿ ಅಲ್ಲ, ನೋವಿಲ್ಲದೆ ನಡೆಯುವುದಕ್ಕಾಗಿ. ದಕ್ಷಿಣ ಕೊರಿಯಾದಲ್ಲಿ 520 ರೋಗಿಗಳ ಎರಡೂ ಮಂಡಿಗಳಿಗೆ ಶಸ್ತ್ರಚಿಕಿತ್ಸೆ ನಡೆಸಿ, ಒಂದಕ್ಕೆ ಕಂಪ್ಯೂಟರ್, ಇನ್ನೊಂದಕ್ಕೆ ಸಾಮಾನ್ಯ ವಿಧಾನ ಬಳಸಿ, ಸರಾಸರಿ 10.8 ವರ್ಷ ಗಮನಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಒಬ್ಬನೇ ವ್ಯಕ್ತಿ, ಒಂದೇ ತೂಕ, ಒಂದೇ ನಡಿಗೆ. ಇದಕ್ಕಿಂತ ನ್ಯಾಯವಾದ ಹೋಲಿಕೆ ದೊರೆಯುವುದು ಕಷ್ಟ. ಎರಡು ಮಂಡಿಗಳ ಕಾರ್ಯಕ್ಷಮತೆಯಲ್ಲಾಗಲಿ ಬಾಳಿಕೆಯಲ್ಲಾಗಲಿ ಗಮನಾರ್ಹ ಅಂತರ ಕಂಡುಬರಲಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನವರು 398 ಮಂಡಿಗಳನ್ನು 15 ವರ್ಷಗಳ ಬಾಳಿಕೆಯ ದೃಷ್ಟಿಯಿಂದ ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 3 ಡಿಗ್ರಿ ಮಿತಿಯೊಳಗಿದ್ದ ಮಂಡಿಗಳು ಮಿತಿ ಮೀರಿದವುಗಳಿಗಿಂತ ಹೆಚ್ಚು ಬಾಳಲಿಲ್ಲವೆಂದು ತಿಳಿಸಿತು. ಎಲ್ಲರ ಕಾಲನ್ನೂ ನೂಲು ಹಿಡಿದಂತೆ ನೆಟ್ಟಗೆ ಮಾಡಬೇಕೇ, ಹುಟ್ಟಿನಿಂದ ಇದ್ದ ಸ್ವಲ್ಪ ಬಾಗನ್ನು ಉಳಿಸಬೇಕೇ ಎಂಬ ಚರ್ಚೆ ತಜ್ಞರಲ್ಲೇ ಇತ್ಯರ್ಥವಾಗಿಲ್ಲ.

ಆಸ್ಟ್ರೇಲಿಯಾದ ಅಂಕಿಗಳು ಸ್ವಲ್ಪ ಬೇರೆ ಚಿತ್ರ ನೀಡುತ್ತವೆ. ಅಲ್ಲಿ ಕೀಲು ಬದಲಾವಣೆಗಳನ್ನು ರಾಷ್ಟ್ರೀಯ ದಾಖಲೆಯಲ್ಲಿ ನಮೂದಿಸುವ ವ್ಯವಸ್ಥೆಯಿದೆ. 2015ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯಲ್ಲಿ, ಒಂಬತ್ತು ವರ್ಷಗಳೊಳಗೆ ಮರುಶಸ್ತ್ರಚಿಕಿತ್ಸೆ ಬೇಕಾದವರ ಪ್ರಮಾಣ ಸಾಮಾನ್ಯ ವಿಧಾನದಲ್ಲಿ ಶೇ 5.2, ಕಂಪ್ಯೂಟರ್ ವಿಧಾನದಲ್ಲಿ ಶೇ 4.6. ಈ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಚಿಕ್ಕದು. ಆದರೆ 65 ವರ್ಷದೊಳಗಿನವರಲ್ಲಿ ಅದು ಶೇ 7.8 ಮತ್ತು ಶೇ 6.3 ಆಗಿದ್ದು, ಇಲ್ಲಿಯ ಅಂತರ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಂತಿತು. ಕಿರಿಯ ವಯಸ್ಸಿನವರು ಹೆಚ್ಚು ಓಡಾಡುತ್ತಾರೆ, ಕೀಲಿನ ಮೇಲೆ ಹೆಚ್ಚು ಭಾರ ಹಾಕುತ್ತಾರೆ. ಅಳತೆಯ ತಪ್ಪು ಅವರಲ್ಲಿ ಬೇಗ ಬಯಲಾಗುತ್ತದೆ ಎಂಬ ವಿವರಣೆ ಸಮಂಜಸವಾಗಿ ತೋರುತ್ತದೆ. ಇದು ದಾಖಲೆಯಿಂದ ತೆಗೆದ ಅಂಕಿಯೇ ಹೊರತು ಪ್ರಯೋಗದಿಂದ ಬಂದದ್ದಲ್ಲವಾದ್ದರಿಂದ, ಯಂತ್ರವಿದ್ದ ಆಸ್ಪತ್ರೆಗಳಲ್ಲಿ ವೈದ್ಯರೂ ಹೆಚ್ಚು ನುರಿತವರಾಗಿದ್ದರೇ ಎಂಬ ಸಂಶಯಕ್ಕೆ ಎಡೆಯಿದೆ.

ಅನಾನುಕೂಲಗಳೂ ಇವೆ. ಶಸ್ತ್ರಚಿಕಿತ್ಸೆಯ ಅವಧಿ ಕೆಲವು ನಿಮಿಷ ಹೆಚ್ಚುತ್ತದೆ. ಪಿನ್ನು ನೆಟ್ಟ ಜಾಗದಲ್ಲಿ ಅಪರೂಪಕ್ಕೆ ಸೋಂಕು ಅಥವಾ ಮೂಳೆ ಬಿರುಕು ಬರಬಹುದು. ಗುರುತು ಕಡ್ಡಿಯನ್ನು ತಪ್ಪು ಜಾಗಕ್ಕೆ ಮುಟ್ಟಿಸಿದರೆ ಕಂಪ್ಯೂಟರ್ ಆ ತಪ್ಪನ್ನೇ ದಶಮಾಂಶದವರೆಗೆ ನಿಖರವಾಗಿ ಲೆಕ್ಕ ಹಾಕಿ ಕೊಡುತ್ತದೆ. ಗಣಕೀಕೃತ ಲೆಕ್ಕಪತ್ರಗಳನ್ನು ನೋಡಿದವರಿಗೆ ಇದು ಹೊಸ ಅನುಭವವಲ್ಲ.

ಬೆಲೆಯ ಲೆಕ್ಕ

ಕೃತಕ ಕೀಲಿನ ಬೆಲೆ 2017ರವರೆಗೆ ಯಾವ ಮಿತಿಗೂ ಒಳಪಟ್ಟಿರಲಿಲ್ಲ. ಆ ವರ್ಷದ ಆಗಸ್ಟ್ 16ರಂದು ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಗರಿಷ್ಠ ಬೆಲೆ ನಿಗದಿಪಡಿಸಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಕೀಲಿನ ಸರಾಸರಿ ಬೆಲೆ ಆಗ 1,58,324 ರೂಪಾಯಿ ಇದ್ದದ್ದು 54,720 ರೂಪಾಯಿಗೆ ಇಳಿಯಿತು. ಟೈಟಾನಿಯಂ ಮತ್ತು ಆಕ್ಸಿಡೀಕೃತ ಜಿರ್ಕೋನಿಯಂ ಕೀಲಿಗೆ 76,600 ರೂಪಾಯಿ, ಮರುಶಸ್ತ್ರಚಿಕಿತ್ಸೆಯ ಕೀಲಿಗೆ 62,770 ರೂಪಾಯಿ ನಿಗದಿಯಾಯಿತು, ಜಿ.ಎಸ್.ಟಿ. ಪ್ರತ್ಯೇಕ. ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಉಳಿತಾಯವಾಗುವುದೆಂದು ಸರ್ಕಾರ ಅಂದು ತಿಳಿಸಿತು. ಬೆಲೆ ಮಿತಿಯನ್ನು ಮುಂದಿನ ವರ್ಷಗಳಲ್ಲೂ ವಿಸ್ತರಿಸಲಾಯಿತು. ಕೀಲಿನ ಬೆಲೆ, ಬ್ರ್ಯಾಂಡ್, ತಯಾರಕರು ಅಥವಾ ಆಮದುದಾರರ ಹೆಸರು, ಬ್ಯಾಚ್ ಸಂಖ್ಯೆ ಇವನ್ನು ಆಸ್ಪತ್ರೆಯ ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕೆಂಬ ಷರತ್ತು ಆ ಆದೇಶದಲ್ಲೇ ಇತ್ತು. ಒಟ್ಟು ಪ್ಯಾಕೇಜಿನ ಒಂದೇ ಮೊತ್ತವನ್ನು ನೋಡಿ ಬಿಲ್ಲಿನ ವಿವರವನ್ನು ಓದದೆ ಮಡಿಚಿಡುವ ಅಭ್ಯಾಸವನ್ನು ವರ್ತಕರೇ ಬಿಡದಿದ್ದರೆ ಇನ್ನಾರು ಬಿಡಬೇಕು?

ಮಿತಿ ಬಿದ್ದದ್ದು ಕೀಲಿನ ಬೆಲೆಗೆ. ಶಸ್ತ್ರಚಿಕಿತ್ಸೆಯ ಶುಲ್ಕ, ಕೊಠಡಿ ಬಾಡಿಗೆ, ಯಂತ್ರ ಬಳಕೆಯ ಶುಲ್ಕ ಅದರ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಯಂತ್ರದ ಹೆಸರಿನ ಶುಲ್ಕದ ಮೇಲೆ ಕಣ್ಣಿಡುವುದು ಈಗ ಮೊದಲಿಗಿಂತ ಅಗತ್ಯ.

ಆಸ್ಪತ್ರೆಯ ಕಡೆಯಿಂದ ನೋಡಿದರೆ ಲೆಕ್ಕ ಹೀಗಾಗುತ್ತದೆ. ಮುಂದಿನ ಅಂಕಿಗಳು ಮಾರುಕಟ್ಟೆ ದರಗಳಲ್ಲ, ವಿವರಣೆಗಾಗಿ ಇಟ್ಟುಕೊಂಡವು. ಓದುಗರು ತಮ್ಮ ಮುಂದಿನ ದರಪಟ್ಟಿಯ ಅಂಕಿಗಳನ್ನು ಇಲ್ಲಿ ಹಾಕಿಕೊಳ್ಳಬಹುದು. ತೆರಿಗೆ ಸೇರಿ ಯಂತ್ರದ ಬೆಲೆ 84 ಲಕ್ಷ ರೂಪಾಯಿ, ಉಪಯುಕ್ತ ಆಯುಸ್ಸು 7 ವರ್ಷ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಸವಕಳಿ 12 ಲಕ್ಷ. ಸರಾಸರಿ ಬಾಕಿ 42 ಲಕ್ಷದ ಮೇಲೆ ಶೇ 10ರಂತೆ ಬಡ್ಡಿ 4.20 ಲಕ್ಷ. ವಾರ್ಷಿಕ ನಿರ್ವಹಣಾ ಒಪ್ಪಂದ ಬೆಲೆಯ ಶೇ 5ರಂತೆ 4.20 ಲಕ್ಷ. ತಂತ್ರಜ್ಞರ ವೇತನ ಮತ್ತು ತರಬೇತಿ 3.60 ಲಕ್ಷ. ಒಟ್ಟು ಸ್ಥಿರ ವೆಚ್ಚ ವರ್ಷಕ್ಕೆ 24 ಲಕ್ಷ ರೂಪಾಯಿ. ಇದರ ಮೇಲೆ ಪ್ರತಿ ಶಸ್ತ್ರಚಿಕಿತ್ಸೆಗೂ ಪಿನ್ನು, ಪ್ರತಿಫಲಕ ಗುಂಡು ಮುಂತಾದ ಒಮ್ಮೆ ಬಳಸಿ ಎಸೆಯುವ ಸಾಮಗ್ರಿಗೆ 10,000 ರೂಪಾಯಿ.

ತಿಂಗಳಿಗೆ ಐದರಂತೆ ವರ್ಷಕ್ಕೆ 60 ಮಂಡಿಗಳಾದರೆ ಒಂದಕ್ಕೆ ತಗಲುವ ಯಂತ್ರದ ವೆಚ್ಚ 50,000 ರೂಪಾಯಿ. ಅಂದರೆ ಅಳತೆಗೋಲಿನ ವೆಚ್ಚ ಹೆಚ್ಚುಕಡಿಮೆ ಕೀಲಿನ ಬೆಲೆಯಷ್ಟೇ ಆಯಿತು. 120 ಆದರೆ 30,000, 240 ಆದರೆ 20,000, 600 ಆದರೆ 14,000. ರೋಗಿಯಿಂದ ಯಂತ್ರಕ್ಕಾಗಿ 25,000 ರೂಪಾಯಿ ಪಡೆಯುವ ಆಸ್ಪತ್ರೆ ನಷ್ಟ ತಪ್ಪಿಸಿಕೊಳ್ಳಲು ವರ್ಷಕ್ಕೆ 160 ಶಸ್ತ್ರಚಿಕಿತ್ಸೆ ಮಾಡಬೇಕು. 15,000 ಮಾತ್ರ ಪಡೆದರೆ 480 ಮಾಡಬೇಕು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸುಲಭವಾದದ್ದು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಏಕೆ ಕಷ್ಟ ಎಂಬುದು ಇದರಿಂದ ಸ್ಪಷ್ಟ. ಸಾಕಷ್ಟು ರೋಗಿಗಳಿಲ್ಲದೆ ಯಂತ್ರ ತಂದ ಆಸ್ಪತ್ರೆಗೆ ಎರಡೇ ದಾರಿ: ಶುಲ್ಕ ಏರಿಸುವುದು, ಇಲ್ಲವೇ ಇನ್ನೂ ಕೆಲವು ವರ್ಷ ಕಾಯಬಹುದಾಗಿದ್ದ ಮಂಡಿಗೂ ಚಾಕು ಹಾಕುವುದು. ಎರಡನೆಯದರ ಪ್ರಲೋಭನೆಯನ್ನು ಆಡಳಿತ ಮಂಡಳಿ ಮೊದಲೇ ಊಹಿಸಿರಬೇಕು.

ಕೆಲವು ಕಂಪನಿಗಳು ಯಂತ್ರವನ್ನು ಮಾರುವ ಬದಲು ಆಸ್ಪತ್ರೆಯಲ್ಲಿ ತಂದಿಟ್ಟು, ಪ್ರತಿ ಬಳಕೆಗೆ ಹಣ ಪಡೆಯುವ ಅಥವಾ ಇಂತಿಷ್ಟು ಕೀಲುಗಳನ್ನು ತಮ್ಮಿಂದಲೇ ಕೊಳ್ಳಬೇಕೆಂಬ ಒಪ್ಪಂದ ಮಾಡಿಕೊಳ್ಳುವ ಪದ್ಧತಿಯಿದೆ. ತಂಪು ಪಾನೀಯದ ಕಂಪನಿ ಅಂಗಡಿಗೆ ಫ್ರಿಜ್ ಕೊಟ್ಟು ಅದರಲ್ಲಿ ತನ್ನ ಬಾಟಲಿಗಳನ್ನೇ ಇಡಬೇಕೆನ್ನುವ ವ್ಯವಹಾರ ಇದು. ಬಂಡವಾಳದ ಭಾರ ತಪ್ಪುತ್ತದೆ ಎಂಬುದು ನಿಜ. ಆದರೆ ಹಲವು ಯಂತ್ರಗಳು ತಮ್ಮ ಕಂಪನಿಯ ಕೀಲುಗಳಿಗೆ ಮಾತ್ರ ಹೊಂದುವಂತೆ ತಯಾರಾಗಿವೆ. ಹೀಗಾಗಿ ಯಂತ್ರವನ್ನು ಒಪ್ಪಿಕೊಂಡ ದಿನವೇ ವೈದ್ಯರ ಆಯ್ಕೆಯೂ ಕಟ್ಟಿಬೀಳುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕನಿಷ್ಠ ಖರೀದಿಯ ಷರತ್ತು, ಸಾಫ್ಟ್‌ವೇರ್ ನವೀಕರಣದ ಶುಲ್ಕ, ಮಧ್ಯದಲ್ಲಿ ಹಿಂದಿರುಗಿಸಿದರೆ ತೆರಬೇಕಾದ ದಂಡ ಇವನ್ನು ನೋಡಬೇಕು. ಯಂತ್ರ ಕೆಡುವ ಮೊದಲೇ ಹಳತಾಗುವ ಅಪಾಯ ಈ ಕ್ಷೇತ್ರದಲ್ಲಿ ಹೆಚ್ಚು. ದೊಡ್ಡ ಕ್ಯಾಮೆರಾ ಇಲ್ಲದೆ ಅಂಗೈಯಲ್ಲಿ ಹಿಡಿಯುವ ಚಿಕ್ಕ ನ್ಯಾವಿಗೇಷನ್ ಸಾಧನಗಳು ಈಗಾಗಲೇ ಬಂದಿವೆ.

ತೆರಿಗೆಯ ಎರಡು ಅಂಶಗಳನ್ನು ಮರೆಯಬಾರದು. ವೈದ್ಯಕೀಯ ಚಿಕಿತ್ಸೆಗೆ ಜಿ.ಎಸ್.ಟಿ. ವಿನಾಯಿತಿ ಇರುವುದರಿಂದ ಆಸ್ಪತ್ರೆ ಯಂತ್ರದ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಅದು ಪೂರ್ಣವಾಗಿ ವೆಚ್ಚಕ್ಕೆ ಸೇರುತ್ತದೆ. ಸವಕಳಿಯ ಪ್ರಶ್ನೆ ಇನ್ನೂ ಸ್ವಾರಸ್ಯಕರ. 1961ರ ಆದಾಯ ತೆರಿಗೆ ಕಾಯ್ದೆಯ ನಿಯಮಗಳಲ್ಲಿ ಜೀವರಕ್ಷಕ ಉಪಕರಣಗಳಿಗೆ ಶೇ 40ರ ದರವಿತ್ತು. ಆ ಪಟ್ಟಿಯಲ್ಲಿ ಹಾರ್ಟ್ ಲಂಗ್ ಮಷಿನ್, ಡಯಾಲಿಸಿಸ್ ಯಂತ್ರ, ಎಂ.ಆರ್.ಐ., ವೆಂಟಿಲೇಟರ್ ಇದ್ದವೇ ಹೊರತು ಮೂಳೆ ಶಸ್ತ್ರಚಿಕಿತ್ಸೆಯ ನ್ಯಾವಿಗೇಷನ್ ಇರಲಿಲ್ಲ. ಕಂಪ್ಯೂಟರಿಗೂ ಶೇ 40, ಸಾಮಾನ್ಯ ಯಂತ್ರಕ್ಕೆ ಶೇ 15. ಒಳಗೆ ಕಂಪ್ಯೂಟರ್ ಇದೆಯೆಂಬ ಕಾರಣಕ್ಕೆ ಇಡೀ ಯಂತ್ರ ಕಂಪ್ಯೂಟರ್ ಆಗುವುದೇ ಎಂಬುದು ವಾದಕ್ಕೆ ಒಳ್ಳೆಯ ವಸ್ತು. ಲೆಕ್ಕ ಹಾಕುವಾಗ ಕಡಿಮೆ ದರವನ್ನೇ ಹಿಡಿಯುವುದು ಕ್ಷೇಮ. ಟ್ರಸ್ಟ್ ಆಸ್ಪತ್ರೆಗಳು ಯಂತ್ರದ ಬೆಲೆಯನ್ನು ಧರ್ಮಕಾರ್ಯಕ್ಕೆ ವಿನಿಯೋಗವೆಂದು ತೋರಿಸಿದ ಮೇಲೆ ಅದೇ ಯಂತ್ರದ ಮೇಲೆ ಸವಕಳಿಯನ್ನು ಕೇಳುವ ಅವಕಾಶ 2014-15ನೇ ಆರ್ಥಿಕ ವರ್ಷದಿಂದ ನಿಂತುಹೋಯಿತು.

ರೋಗಿಯ ಕುಟುಂಬದ ಲೆಕ್ಕ

ಆಸ್ಟ್ರೇಲಿಯಾದ ಅಂಕಿಯನ್ನೇ ಅತ್ಯಂತ ಅನುಕೂಲವಾಗಿ ತೆಗೆದುಕೊಂಡರೂ, 65 ವರ್ಷದೊಳಗಿನ 1,000 ಜನರಿಗೆ ಕಂಪ್ಯೂಟರ್ ಬಳಸಿದರೆ ಒಂಬತ್ತು ವರ್ಷಗಳಲ್ಲಿ 15 ಮರುಶಸ್ತ್ರಚಿಕಿತ್ಸೆಗಳು ತಪ್ಪುತ್ತವೆ. ಅಂದರೆ ಒಂದನ್ನು ತಪ್ಪಿಸಲು ಸುಮಾರು 67 ಜನ ಹೆಚ್ಚುವರಿ ಶುಲ್ಕ ಕೊಡಬೇಕು. ಶುಲ್ಕ ತಲಾ 20,000 ಎಂದಾದರೆ ಒಟ್ಟು 13.40 ಲಕ್ಷ ರೂಪಾಯಿ. ತಪ್ಪುವ ಒಂದು ಮರುಶಸ್ತ್ರಚಿಕಿತ್ಸೆಯ ಹಿಂದೆ ಎರಡನೆಯ ಸಲದ ನೋವು, ಹೆಚ್ಚಿದ ವಯಸ್ಸು, ನಿಂತುಹೋದ ವ್ಯಾಪಾರ ಎಲ್ಲವೂ ಇವೆಯಾದ್ದರಿಂದ ಕೇವಲ ಹಣದ ತಕ್ಕಡಿಯಲ್ಲಿ ಇದನ್ನು ತೂಗುವುದು ಪೂರ್ಣ ನ್ಯಾಯವಲ್ಲ. ಆದರೂ ಎಪ್ಪತ್ತೈದರ ವೃದ್ಧೆಯ ಸಾಧಾರಣ ಸವೆತದ ಮಂಡಿಗೆ ಯಂತ್ರವಿಲ್ಲದಿದ್ದರೆ ಅನ್ಯಾಯವಾದೀತೆಂದು ಸಾಲ ಮಾಡುವ ಮಕ್ಕಳಿಗೆ ಈ ಅಂಕಿಗಳು ಸಮಾಧಾನ ನೀಡಬೇಕು. ಎರಡು ಮಂಡಿಗೆ ತಲಾ 60,000ದಂತೆ ಹೆಚ್ಚುವರಿ 1.20 ಲಕ್ಷವನ್ನು ಶೇ 18ರ ಬಡ್ಡಿಗೆ ತಂದರೆ ವರ್ಷಕ್ಕೆ ಬಡ್ಡಿಯೇ 21,600 ರೂಪಾಯಿ. ಅದೇ ಹಣದಲ್ಲಿ ಮನೆಗೆ ಫಿಸಿಯೋಥೆರಪಿ ತಜ್ಞರನ್ನು ಕರೆಸಬಹುದು, ಶೌಚಾಲಯಕ್ಕೆ ಪಾಶ್ಚಾತ್ಯ ಮಾದರಿಯ ಕಮೋಡ್ ಮತ್ತು ಹಿಡಿಕೆ ಹಾಕಿಸಬಹುದು. ಶಸ್ತ್ರಚಿಕಿತ್ಸೆಯ ಯಶಸ್ಸಿಗೆ ಇವೆರಡೂ ಯಂತ್ರದಷ್ಟೇ ಮುಖ್ಯ.

ಯಂತ್ರ ನಿಜವಾಗಿ ಉಪಯೋಗಕ್ಕೆ ಬರುವ ಪ್ರಸಂಗಗಳು ಬೇರೆ ಇವೆ. ಕಾಲು ತೀವ್ರವಾಗಿ ಬಾಗಿರುವವರು, ತೊಡೆಯ ಮೂಳೆಯೇ ವಕ್ರವಾಗಿರುವವರು, ಹಿಂದೆ ಮೂಳೆ ಮುರಿದು ಒಳಗೆ ಲೋಹ ಉಳಿದಿರುವವರು, ಐವತ್ತರ ಆಸುಪಾಸಿನಲ್ಲೇ ಚಿಕಿತ್ಸೆಗೆ ಒಳಗಾಗಬೇಕಾದವರು. ಇಂತಹವರು ದಾವಣಗೆರೆಯಾಗಲಿ, ಮಣಿಪಾಲವಾಗಲಿ, ಬೆಂಗಳೂರಾಗಲಿ, ಯಂತ್ರವಿರುವಲ್ಲಿಗೆ ಹೋಗುವುದು ಸಮರ್ಥನೀಯ. ಉಳಿದವರು ಮೊದಲು ಕೇಳಬೇಕಾದ ಪ್ರಶ್ನೆಗಳು, ಈ ವೈದ್ಯರು ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ, ಆಸ್ಪತ್ರೆಯಲ್ಲಿ ಸೋಂಕಿನ ಪ್ರಮಾಣವೆಷ್ಟು ಎಂಬುವು. ಚಿಕ್ಕಜಾಜೂರಿನಲ್ಲಿ ರೈಲು ಹತ್ತಿ ಬೆಂಗಳೂರು ತಲುಪುವುದು ಸುಲಭ; ಶಸ್ತ್ರಚಿಕಿತ್ಸೆಯ ನಂತರ ಮರುಪರೀಕ್ಷೆಗೆ ಹಲವು ಬಾರಿ ಹೋಗಿಬರುವುದು ಅಷ್ಟು ಸುಲಭವಲ್ಲ.

ಹಣ ಪಾವತಿಯ ವಿಷಯದಲ್ಲಿ ಅಡಿಕೆ ಮಾರಿದ ನಗದನ್ನು ಚೀಲದಲ್ಲಿ ತಂದು ಕಟ್ಟುವ ರೂಢಿ ಇನ್ನೂ ಉಳಿದಿದೆ. 2017ರ ಏಪ್ರಿಲ್ 1ರಿಂದ ಒಂದೇ ಸಂದರ್ಭಕ್ಕೆ ಸಂಬಂಧಿಸಿದಂತೆ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವಂತಿಲ್ಲ. ಸ್ವೀಕರಿಸಿದವರಿಗೆ ಅಷ್ಟೇ ಮೊತ್ತದ ದಂಡವಿದೆ. ಕೃಷಿ ಆದಾಯದ ಹಣವೆಂಬುದು ಇದಕ್ಕೆ ವಿನಾಯಿತಿಯಲ್ಲ. ಕಂತುಗಳಾಗಿ ಒಡೆದು ಕಟ್ಟಿದರೂ ಚಿಕಿತ್ಸೆ ಒಂದೇ ಆದ್ದರಿಂದ ನಿಯಮ ಅನ್ವಯಿಸುತ್ತದೆ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಸರಿಯಾದ ಮಾರ್ಗ.

ಆರೋಗ್ಯ ವಿಮೆ ಇದ್ದವರು ಪಾಲಿಸಿಯಲ್ಲಿ ಮೂರು ಸಂಗತಿಗಳನ್ನು ನೋಡಬೇಕು. ಕೀಲು ಬದಲಾವಣೆಗೆ ಸಾಮಾನ್ಯವಾಗಿ ಎರಡು ಮೂರು ವರ್ಷ ಕಾಯುವ ಅವಧಿ ಇರುತ್ತದೆ. ನೋವು ಬಂದ ಮೇಲೆ ಪಾಲಿಸಿ ಕೊಂಡರೆ ಪ್ರಯೋಜನವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರ ಮಾರ್ಗಸೂಚಿಯಲ್ಲಿ ರೋಬೋಟ್ ಶಸ್ತ್ರಚಿಕಿತ್ಸೆಯನ್ನು ವಿಮೆಯಿಂದ ಹೊರಗಿಡಬಾರದೆಂದು ಹೇಳಿದೆಯಾದರೂ, ಅದಕ್ಕೆ ಪ್ರತ್ಯೇಕ ಉಪಮಿತಿ ಹಾಕಲು ಕಂಪನಿಗಳಿಗೆ ಅವಕಾಶವಿದೆ. ನ್ಯಾವಿಗೇಷನ್ ಶುಲ್ಕವನ್ನು ಬಿಲ್ಲಿನಲ್ಲಿ ರೋಬೋಟ್ ಎಂದು ಬರೆದರೆ ಆ ಉಪಮಿತಿಗೆ ಸಿಲುಕಬಹುದು. ಆದ್ದರಿಂದ ಮುಂಗಡ ಅನುಮೋದನೆಯ ಪತ್ರದಲ್ಲೇ ಯಂತ್ರದ ಶುಲ್ಕಕ್ಕೆ ಒಪ್ಪಿಗೆ ಇದೆಯೇ ಎಂದು ಓದಬೇಕು.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಪಡಿತರ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ; ಸಾಮಾನ್ಯ ವರ್ಗದವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಮಿತಿಗೊಳಪಟ್ಟು ಭರಿಸುವ ವ್ಯವಸ್ಥೆ ರೂಪಿಸಲಾಯಿತು. ಮಂಡಿಯಲ್ಲಿ ಮೂಟೆ ಹೊರುವ ಹಮಾಲರು, ಅಡಿಕೆ ಸುಲಿಯುವ ಕೂಲಿಯವರು ಈ ಸೌಲಭ್ಯಕ್ಕೆ ಅರ್ಹರೇ, ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ದೊರೆಯುತ್ತದೆ ಎಂಬುದನ್ನು ಜಿಲ್ಲಾಸ್ಪತ್ರೆಯ ಆರೋಗ್ಯಮಿತ್ರರಿಂದ ಮೊದಲೇ ವಿಚಾರಿಸಿ ಕಾರ್ಡ್ ಮಾಡಿಸಿಕೊಡುವ ಕೆಲಸವನ್ನು ಅವರ ಮಾಲೀಕರು ಒಂದು ಬೆಳಗಿನಲ್ಲಿ ಮುಗಿಸಬಹುದು.